ಯಾವ ಪಾಲು ಹಿರಿದು?

ಮನುಷ್ಯನು ಎಣಿಸಲು ಕಲಿತದ್ದು ತನ್ನಲ್ಲಿ ಏನಿದೆಯೆಂಬುದನ್ನು ತಿಳಿಯುವುದಕ್ಕಾಗಿ. ಭಾಗಿಸಲು ಕಲಿತದ್ದು ಇದ್ದುದನ್ನು ಇತರರೊಡನೆ ಹಂಚಿಕೊಳ್ಳುವುದಕ್ಕಾಗಿ. ಹಂಚಿಕೆಯ ಮಾತು ಬಂದೊಡನೆ ಒಂದು ಪ್ರಶ್ನೆ ತಲೆಯೆತ್ತುತ್ತದೆ: ಯಾರ ಪಾಲು ಹಿರಿದು, ಯಾರ ಪಾಲು ಕಿರಿದು? ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆತರೆ ಮನೆಯಲ್ಲಿ ಶಾಂತಿ; ತಪ್ಪು ಉತ್ತರ ದೊರೆತರೆ ಒಡಹುಟ್ಟಿದವರಲ್ಲಿಯೂ ಮನಸ್ತಾಪ. ಆದುದರಿಂದ ಭಿನ್ನರಾಶಿಗಳನ್ನು ಹೋಲಿಸುವ ವಿದ್ಯೆಯು ಕೇವಲ ಕಪ್ಪುಹಲಗೆಯ ಮೇಲಿನ ಲೆಕ್ಕವಲ್ಲ. ಅದು ನ್ಯಾಯದ ಮೊದಲ ಪಾಠವೂ ಹೌದು.

ಪೂರ್ಣಾಂಕಗಳನ್ನು ಹೋಲಿಸುವುದು ಸುಲಭ. ಎಂಟು ಐದಕ್ಕಿಂತ ದೊಡ್ಡದೆಂದು ಸಣ್ಣ ಮಗುವೂ ಹೇಳುತ್ತದೆ. ಭಿನ್ನರಾಶಿಯಾದರೋ ಕಣ್ಣನ್ನು ಮೋಸಗೊಳಿಸುತ್ತದೆ. ಅದರಲ್ಲಿ ಬರೆದಿರುವ ಅಂಕಿಗಳು ಎರಡು, ಆದರೆ ಅವು ಸೂಚಿಸುವ ಸಂಖ್ಯೆ ಒಂದೇ. ಕೆಳಗಿರುವ ಛೇದವು ಇಡಿಯನ್ನು ಎಷ್ಟು ಸಮಭಾಗ ಮಾಡಲಾಗಿದೆಯೆಂಬುದನ್ನು ತಿಳಿಸುತ್ತದೆ. ಮೇಲಿರುವ ಅಂಶವು ಆ ಭಾಗಗಳಲ್ಲಿ ಎಷ್ಟನ್ನು ತೆಗೆದುಕೊಳ್ಳಲಾಗಿದೆಯೆಂಬುದನ್ನು ತಿಳಿಸುತ್ತದೆ. ಒಂದು ರೊಟ್ಟಿಯನ್ನು ಹೆಚ್ಚು ಜನರಿಗೆ ಹಂಚಿದಷ್ಟೂ ತುಣುಕು ಚಿಕ್ಕದಾಗುತ್ತದೆ. ಆದಕಾರಣ ಛೇದ ಬೆಳೆದಂತೆ ಭಾಗ ಕುಗ್ಗುತ್ತದೆ. ಇದನ್ನು ಮರೆತು ಅಂಕಿಗಳ ಗಾತ್ರವನ್ನಷ್ಟೇ ನೋಡಿದವನು ಮೋಸಹೋಗದೆ ಇರಲಾರನು.

ವಿಜಯಪುರ ನಗರದಿಂದ ಪಶ್ಚಿಮಕ್ಕೆ ತಿಕೋಟಾ, ನೈಋತ್ಯಕ್ಕೆ ಬಬಲೇಶ್ವರ. ಬಿರುಬಿಸಿಲಿನ ಈ ಸೀಮೆ ಇಂದು ದ್ರಾಕ್ಷಿಗೆ ಹೆಸರಾಗಿದೆ. ಬೇಸಿಗೆಯ ಮೊದಲಲ್ಲಿ ಹಣ್ಣು ಕೊಯ್ದು, ನೆರಳಿನ ಚಪ್ಪರಗಳಲ್ಲಿ ಹರವಿ, ಒಣದ್ರಾಕ್ಷಿ ಮಾಡಿ ಮಾರುತ್ತಾರೆ. ಸುಮಾರು ನಾಲ್ಕು ಕಿಲೋ ಹಸಿಹಣ್ಣು ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ ಉಳಿಯುತ್ತದೆ. ಎಂದರೆ ಬಿಸಿಲು ಮುಕ್ಕಾಲು ಪಾಲನ್ನು ತಾನು ಕುಡಿದು ಕಾಲು ಪಾಲನ್ನು ರೈತನಿಗೆ ಬಿಡುತ್ತದೆ. ಉಳಿದ ಆ ಕಾಲು ಪಾಲಿನಲ್ಲಿಯೇ ಹೊಲದೊಡೆಯನಿಗೂ ದುಡಿದವನಿಗೂ ಪಾಲಾಗಬೇಕು.

ಈ ಸೀಮೆಯ ಒಂದು ಊರಿನಲ್ಲಿ ಬೇರೆಯವರ ತೋಟವನ್ನು ಪಾಲಿಗೆ ಮಾಡುವ ಒಂದು ಕುಟುಂಬವನ್ನು ಕಣ್ಣೆದುರಿಗೆ ತಂದುಕೊಳ್ಳೋಣ. ತಂದೆ, ತಾಯಿ, ಮುಪ್ಪಿನ ಅಜ್ಜಿ, ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು. ಹಲವು ವರ್ಷಗಳಿಂದ ಆ ತಂದೆ ಒಬ್ಬ ಒಡೆಯನ ತೋಟದಲ್ಲಿ ದುಡಿಯುತ್ತಿದ್ದನು. ಬಂದ ಬೆಳೆಯನ್ನು ಐದು ಪಾಲು ಮಾಡಿ ಅದರಲ್ಲಿ ಎರಡು ಪಾಲನ್ನು ಅವನಿಗೆ ಕೊಡುವುದು ವಾಡಿಕೆ. ಒಂದು ದಿನ ಮತ್ತೊಬ್ಬ ಒಡೆಯನು ಅವನನ್ನು ಕರೆದು, ತನ್ನ ತೋಟಕ್ಕೆ ಬಂದರೆ ಎಂಟು ಪಾಲಿನಲ್ಲಿ ಮೂರು ಪಾಲನ್ನು ಕೊಡುವೆನೆಂದು ಹೇಳಿ ಕಳುಹಿಸಿದನು. ತಂದೆ ಸಂತೋಷದಿಂದ ಮನೆಗೆ ಬಂದನು. "ಎರಡು ಪಾಲಿಗಿಂತ ಮೂರು ಪಾಲು ಹೆಚ್ಚಲ್ಲೇನವ್ವಾ? ನಾಳೆನ ಹೋಗಿ ಒಪ್ಪಿಕೊಂಡು ಬರತೀನಿ" ಎಂದು ತನ್ನ ತಾಯಿಗೆ ಹೇಳಿದನು.

ಮಗಳು ಪಾಟಿಯ ಮೇಲೆ 2/5 ಎಂದೂ 3/8 ಎಂದೂ ಬರೆದಳು. ಎರಡು ಪಾಲಿಗಿಂತ ಮೂರು ಪಾಲು ಹೆಚ್ಚೆಂಬುದು ನಿಜ. ಆದರೆ ಎಂಟನೆಯ ಒಂದು ಪಾಲು ಐದನೆಯ ಒಂದು ಪಾಲಿಗಿಂತ ಚಿಕ್ಕದೆಂಬುದೂ ಅಷ್ಟೇ ನಿಜ. ಹೆಚ್ಚು ಪಾಲು, ಆದರೆ ಚಿಕ್ಕ ಪಾಲು. ಕಡಿಮೆ ಪಾಲು, ಆದರೆ ದೊಡ್ಡ ಪಾಲು. ಇವೆರಡರಲ್ಲಿ ಯಾವುದು ಗೆಲ್ಲುವುದೆಂದು ಅವಳಿಗೆ ಥಟ್ಟನೆ ಹೊಳೆಯಲಿಲ್ಲ. ಆಗ ಶಾಲೆಯ ಮುಖವನ್ನೇ ಕಾಣದ ಅಜ್ಜಿಯು, "ತಂಗೀ, ಎಕರೆಕ್ಕ ನಲವತ್ತು ಗುಂಟಿ. ಅದರಾಗ ಎಷ್ಟು ಗುಂಟಿ ಬೆಳಿ ನಮ್ಮ ಮನಿಗೆ ಬರತೈತಿ, ಅದನ್ನಷ್ಟ ಹೇಳು" ಎಂದಳು.

ಮೊಮ್ಮಗಳ ಮುಖ ಅರಳಿತು. ನಲವತ್ತು ಗುಂಟೆಯನ್ನು ಐದು ಪಾಲು ಮಾಡಿದರೆ ಒಂದು ಪಾಲಿಗೆ ಎಂಟು ಗುಂಟೆ; ಎರಡು ಪಾಲಿಗೆ ಹದಿನಾರು. ಅದೇ ನಲವತ್ತನ್ನು ಎಂಟು ಪಾಲು ಮಾಡಿದರೆ ಒಂದು ಪಾಲಿಗೆ ಐದು ಗುಂಟೆ; ಮೂರು ಪಾಲಿಗೆ ಹದಿನೈದು. ಹೊಸ ಒಡೆಯನು ಹೇಳಿದ ಪಾಲು ಎಕರೆಗೆ ಒಂದು ಗುಂಟೆಯಷ್ಟು ಕಡಿಮೆಯಾಗಿತ್ತು! ಒಂದು ಗುಂಟೆಯೆಂದರೆ 33 ಅಡಿ ಉದ್ದ, 33 ಅಡಿ ಅಗಲದ ನೆಲ. ಅಷ್ಟು ನೆಲದಲ್ಲಿ ಹಬ್ಬಿದ ಬಳ್ಳಿಗಳ ಹಣ್ಣನ್ನು ಆ ಕುಟುಂಬವು ಪ್ರತಿ ಎಕರೆಗೂ, ಪ್ರತಿ ವರ್ಷವೂ, ತನಗರಿಯದೆಯೇ ಬಿಟ್ಟುಕೊಡುತ್ತಿತ್ತು. ಅದೂ ಹೆಚ್ಚು ದೊರೆಯಿತೆಂಬ ಸಂತೋಷದಿಂದ!

ಅಜ್ಜಿಯು ಮಾಡಿದ್ದೇನು? ಐದನೆಯ ಪಾಲನ್ನೂ ಎಂಟನೆಯ ಪಾಲನ್ನೂ ನೇರವಾಗಿ ಹೋಲಿಸಲು ಬರುವುದಿಲ್ಲವೆಂದು ಅರಿತು, ಎರಡನ್ನೂ ಅಳೆಯಬಲ್ಲ ಮೂರನೆಯ ಅಳತೆಯೊಂದನ್ನು ತಂದಳು. ಆ ಅಳತೆಯೇ ಗುಂಟೆ, ಎಂದರೆ ಎಕರೆಯ ನಲವತ್ತನೆಯ ಒಂದು ಭಾಗ. 2/5 ಎಂಬುದು 16/40 ಆಯಿತು. 3/8 ಎಂಬುದು 15/40 ಆಯಿತು. ಛೇದಗಳು ಸಮನಾದ ಮೇಲೆ ಅಂಶಗಳನ್ನು ನೋಡಿದರೆ ಸಾಕು. ಇದನ್ನೇ ಗಣಿತಶಾಸ್ತ್ರದಲ್ಲಿ ಸಮಚ್ಛೇದ ಮಾಡುವುದು ಎನ್ನುತ್ತಾರೆ. ಎರಡು ಭಾಷೆಗಳನ್ನಾಡುವವರ ನಡುವೆ ಇಬ್ಬರಿಗೂ ತಿಳಿದ ಮೂರನೆಯ ಭಾಷೆಯೊಂದು ಸಂಧಾನವನ್ನು ಸಾಧ್ಯಮಾಡುವಂತೆ, ಎರಡು ಭಿನ್ನರಾಶಿಗಳ ನಡುವೆ ಸಮಚ್ಛೇದವು ಹೋಲಿಕೆಯನ್ನು ಸಾಧ್ಯಮಾಡುತ್ತದೆ.

ನಮ್ಮ ಹಿರಿಯರ ವ್ಯವಹಾರದಲ್ಲಿ ಇಂಥ ಸಮಚ್ಛೇದಗಳು ಅನೇಕವಿದ್ದವು. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯಪದ್ಧತಿ ಬರುವವರೆಗೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಎಂಬ ಲೆಕ್ಕವಿತ್ತು. ಹೀಗೆ ಒಂದು ರೂಪಾಯಿಗೆ 192 ಪೈ. ರೂಪಾಯಿಯ ಮೂರನೆಯ ಒಂದು ಭಾಗವೆಂದರೆ 64 ಪೈ, ಅರ್ಥಾತ್ ಐದಾಣೆ ನಾಲ್ಕು ಪೈ. ಎಂಟನೆಯ ಮೂರು ಭಾಗವೆಂದರೆ 72 ಪೈ, ಅರ್ಥಾತ್ ಆರಾಣೆ. 1/3 ಮತ್ತು 3/8 ಇವುಗಳಲ್ಲಿ ಯಾವುದು ದೊಡ್ಡದೆಂದು ಸಂತೆಯಲ್ಲಿ ಕುಳಿತ ಕಾಯಿಪಲ್ಯದ ಹೆಂಗಸು ಅಕ್ಷರ ತಿಳಿಯದೆಯೂ ಹೇಳಬಲ್ಲವಳಾಗಿದ್ದಳು. ಆ ನಾಣ್ಯಗಳು ಹೋದರೂ "ಹದಿನಾರಾಣೆ ಸತ್ಯ" ಎಂಬ ಮಾತು ನಾಲಗೆಯ ಮೇಲೆ ಉಳಿದಿದೆ. ಗಂಟೆಗೆ ಅರವತ್ತು ನಿಮಿಷ, ಡಜನ್ನಿಗೆ ಹನ್ನೆರಡು ಎಂಬ ಲೆಕ್ಕಗಳೂ ಇದೇ ಗುಣವುಳ್ಳವು. ಹನ್ನೆರಡನ್ನು ಎರಡು, ಮೂರು, ನಾಲ್ಕು, ಆರು ಇವುಗಳಿಂದಲೂ, ಅರವತ್ತನ್ನು ಇವುಗಳ ಜೊತೆಗೆ ಐದರಿಂದಲೂ ಶೇಷವಿಲ್ಲದೆ ಭಾಗಿಸಬಹುದಾದುದರಿಂದ ಹಂಚಿಕೆ ಸುಗಮವಾಗುತ್ತದೆ.

ವ್ಯವಹಾರದಲ್ಲಿ ರೂಢವಾಗಿದ್ದ ಈ ತಿಳಿವಳಿಕೆಗೆ ಶಾಸ್ತ್ರದ ರೂಪವನ್ನು ಕೊಟ್ಟ ಮಹನೀಯರು ಕನ್ನಡ ನಾಡಿನೊಡನೆ ನಿಕಟ ಸಂಬಂಧವುಳ್ಳವರೆಂಬುದು ಅಭಿಮಾನದ ಸಂಗತಿ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಜೈನ ವಿದ್ವಾಂಸ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಭಿನ್ನರಾಶಿಗಳಿಗಾಗಿಯೇ 'ಕಲಾಸವರ್ಣ' ಎಂಬ ಪ್ರತ್ಯೇಕ ಪ್ರಕರಣವಿದೆ. ಹಲವು ಛೇದಗಳಿಗೆ ಅತಿ ಚಿಕ್ಕ ಸಮಚ್ಛೇದವನ್ನು ಕಂಡುಹಿಡಿಯುವ ಕ್ರಮವನ್ನು ಅವನು ಅಲ್ಲಿ ವಿವರಿಸಿ, ಅದಕ್ಕೆ 'ನಿರುದ್ಧ' ಎಂದು ಹೆಸರಿಟ್ಟಿದ್ದಾನೆ. ಇಂದಿನ ವಿದ್ಯಾರ್ಥಿಗಳು ಲಘುತಮ ಸಾಮಾನ್ಯ ಅಪವರ್ತ್ಯವೆಂದು ಕಲಿಯುವುದು ಇದನ್ನೇ. ಮುಂದೆ ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನೆಂಬ ಕವಿಯು 'ವ್ಯವಹಾರಗಣಿತ' ಮೊದಲಾದ ಗ್ರಂಥಗಳಲ್ಲಿ ಗಣಿತವನ್ನು ಕನ್ನಡದಲ್ಲಿಯೇ ಹೇಳಿದನು.

ಅದೇ ಹನ್ನೆರಡನೆಯ ಶತಮಾನದವನು ಭಾಸ್ಕರಾಚಾರ್ಯ. 1114ರಲ್ಲಿ ಜನಿಸಿದ ಅವನು ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ 'ಸಿದ್ಧಾಂತಶಿರೋಮಣಿ'ಯನ್ನು ರಚಿಸಿದನು. 'ಲೀಲಾವತಿ'ಯು ಅದರ ಅಂಕಗಣಿತ ಭಾಗ. ತಾನು ಸಹ್ಯಾದ್ರಿಯ ಆಸರೆಯಲ್ಲಿರುವ ವಿಜ್ಜಡವಿಡವೆಂಬ ಊರಿನವನೆಂದು ಅವನೇ ಹೇಳಿಕೊಂಡಿದ್ದಾನೆ. ಈ ವಿಜ್ಜಡವಿಡವು ವಿಜಯಪುರವೇ ಎಂದು ಕೆಲವರೂ, ತಿಕೋಟಾ ಭಾಗದ ಬಿಜ್ಜರಗಿಯೆಂದು ಕೆಲವರೂ ಹೇಳುತ್ತಾರೆ. ಮಹಾರಾಷ್ಟ್ರದ ಚಾಳೀಸಗಾಂವದ ಬಳಿಯ ಪಾಟಣವೇ ಇರಬೇಕೆಂದು ಇನ್ನು ಕೆಲವು ವಿದ್ವಾಂಸರ ಮತ. ಭಾಸ್ಕರನ ಮೊಮ್ಮಗ ಚಂಗದೇವನು ಅಜ್ಜನ ಗ್ರಂಥಗಳ ಅಧ್ಯಯನಕ್ಕಾಗಿ ಮಠವೊಂದನ್ನು ಸ್ಥಾಪಿಸಿದ ವಿಷಯವನ್ನು ತಿಳಿಸುವ ಶಾಸನ ಅಲ್ಲಿ ದೊರೆತಿದೆ. ಊರಿನ ಪ್ರಶ್ನೆ ಹೇಗೇ ಇರಲಿ, ಅವನ ಲೆಕ್ಕಗಳು ಎಲ್ಲ ಊರುಗಳಿಗೂ ಸೇರಿದವು.

ಎರಡು ಭಿನ್ನರಾಶಿಗಳನ್ನು ಸಮಚ್ಛೇದ ಮಾಡಬೇಕಾದರೆ ಒಂದರ ಅಂಶ ಮತ್ತು ಛೇದಗಳನ್ನು ಮತ್ತೊಂದರ ಛೇದದಿಂದ ಗುಣಿಸಬೇಕೆಂದು ಭಾಸ್ಕರನು ವಿಧಿಸುತ್ತಾನೆ. ಛೇದಗಳಿಗೆ ಸಾಮಾನ್ಯ ಅಪವರ್ತನವಿದ್ದರೆ, ಅದರಿಂದ ಭಾಗಿಸಿ ಚಿಕ್ಕದು ಮಾಡಿಕೊಂಡ ಛೇದಗಳಿಂದಲೇ ಬುದ್ಧಿವಂತನು ಗುಣಿಸಲಿ ಎಂದೂ ಸೇರಿಸುತ್ತಾನೆ. ಅವನೇ ಕೊಟ್ಟಿರುವ ಉದಾಹರಣೆಯನ್ನು ನೋಡೋಣ: ಅರವತ್ತಮೂರನೆಯ ಒಂದು ಭಾಗ ಮತ್ತು ಹದಿನಾಲ್ಕನೆಯ ಒಂದು ಭಾಗ. 63 ಮತ್ತು 14 ಇವೆರಡೂ ಏಳರಿಂದ ಭಾಗವಾಗುತ್ತವೆ. ಭಾಗಲಬ್ಧಗಳು 9 ಮತ್ತು 2. ಆದುದರಿಂದ 1/63ನ್ನು 2ರಿಂದ ಗುಣಿಸಿದರೆ 2/126. 1/14ನ್ನು 9ರಿಂದ ಗುಣಿಸಿದರೆ 9/126. ಛೇದಗಳನ್ನು ಹಾಗೆಯೇ ಗುಣಿಸಿದ್ದರೆ 882 ಎಂಬ ದೊಡ್ಡ ಛೇದ ಬರುತ್ತಿತ್ತು. ಅರವತ್ತಮೂರು ಎಂಬ ದೊಡ್ಡ ಅಂಕಿಯನ್ನು ಹೊತ್ತ ಭಾಗವು ಎಷ್ಟು ಚಿಕ್ಕದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

'ಲೀಲಾವತಿ'ಯಲ್ಲಿ ಬರುವ ದುಂಬಿಗಳ ಲೆಕ್ಕವು ಪ್ರಸಿದ್ಧವಾದುದು. ಒಂದು ದುಂಬಿಗಳ ಗುಂಪಿನಲ್ಲಿ ಐದನೆಯ ಒಂದು ಭಾಗ ಕದಂಬದ ಹೂವಿಗೆ ಹೋಯಿತು. ಮೂರನೆಯ ಒಂದು ಭಾಗ ಶಿಲೀಂಧ್ರ ಪುಷ್ಪಕ್ಕೆ ಹೋಯಿತು. ಈ ಎರಡು ಭಾಗಗಳ ವ್ಯತ್ಯಾಸದ ಮೂರರಷ್ಟು ಕುಟಜದ ಹೂವಿಗೆ ಹೋಯಿತು. ಉಳಿದ ಒಂದೇ ಒಂದು ದುಂಬಿ ಕೇದಗೆ, ಮಾಲತಿಗಳ ಪರಿಮಳದಿಂದ ಒಮ್ಮೆ ಅತ್ತ ಒಮ್ಮೆ ಇತ್ತ ಸೆಳೆಯಲ್ಪಟ್ಟು ಆಕಾಶದಲ್ಲಿ ಅಲೆಯುತ್ತಿತ್ತು. ಹಾಗಾದರೆ ದುಂಬಿಗಳೆಷ್ಟು? ಇಲ್ಲಿ ಮೊದಲು 1/3 ಮತ್ತು 1/5 ಇವುಗಳನ್ನು ಹೋಲಿಸಬೇಕು. ಸಮಚ್ಛೇದ ಮಾಡಿದರೆ 5/15 ಮತ್ತು 3/15, ವ್ಯತ್ಯಾಸ 2/15, ಅದರ ಮೂರರಷ್ಟು 6/15. ಮೂರನ್ನೂ ಕೂಡಿದರೆ 14/15. ಅಲೆಯುವ ಆ ಒಂದು ದುಂಬಿಯೇ ಹದಿನೈದನೆಯ ಒಂದು ಭಾಗ. ಆದುದರಿಂದ ಒಟ್ಟು ದುಂಬಿಗಳು ಹದಿನೈದು.

ಇನ್ನೊಂದು ಲೆಕ್ಕದಲ್ಲಿ ಭಾಸ್ಕರನ ವಿನೋದ ಪ್ರಕಟವಾಗುತ್ತದೆ. ಒಬ್ಬ ಜಿಪುಣನು ಬೇಡಲು ಬಂದವನಿಗೆ ಒಂದು ದ್ರಮ್ಮದ ಅರ್ಧದ ಮೂರನೆಯ ಎರಡು ಭಾಗದ ಮುಕ್ಕಾಲಿನ ಐದನೆಯ ಒಂದು ಭಾಗದ ಹದಿನಾರನೆಯ ಒಂದು ಭಾಗದ ಕಾಲು ಭಾಗವನ್ನು ದಾನಮಾಡಿದನಂತೆ! ಕೇಳುವ ಕಿವಿಗೆ ಏನೋ ದೊಡ್ಡ ದಾನವೇ ನಡೆದಂತೆ ತೋರುತ್ತದೆ. ಗುಣಿಸಿ ನೋಡಿದರೆ ಉಳಿಯುವುದು 1/1280. ಅಂದಿನ ಲೆಕ್ಕದಲ್ಲಿ ಒಂದು ದ್ರಮ್ಮಕ್ಕೆ 1280 ಕವಡೆ. ಜಿಪುಣನು ಕೊಟ್ಟದ್ದು ಒಂದೇ ಒಂದು ಕವಡೆ! ಮಾತು ಉದ್ದವಾದ ಮಾತ್ರಕ್ಕೆ ಪಾಲು ದೊಡ್ಡದಾಗುವುದಿಲ್ಲವೆಂಬ ನೀತಿಯನ್ನು ಇದಕ್ಕಿಂತ ಸೊಗಸಾಗಿ ಹೇಳುವುದು ಕಷ್ಟ.

ಅಂಕಿಯನ್ನು ನೋಡಿ ಮೋಸಹೋಗುವುದು ಹಳ್ಳಿಗರ ಸ್ವಭಾವವೆಂದು ಯಾರೂ ಭಾವಿಸಬೇಕಾಗಿಲ್ಲ. 1980ರ ದಶಕದಲ್ಲಿ ಅಮೆರಿಕದ ಎ ಅಂಡ್ ಡಬ್ಲ್ಯು ಎಂಬ ಉಪಾಹಾರ ಸಂಸ್ಥೆಯು ಒಂದು ಪೌಂಡಿನ ಮೂರನೆಯ ಒಂದು ಭಾಗ ತೂಕದ ಬರ್ಗರನ್ನು ಮಾರಾಟಕ್ಕೆ ತಂದಿತು. ಪ್ರತಿಸ್ಪರ್ಧಿಯು ಮಾರುತ್ತಿದ್ದುದು ಕಾಲು ಪೌಂಡಿನದು. ರುಚಿ ಚೆನ್ನಾಗಿದ್ದು, ಬೆಲೆ ಹೆಚ್ಚಿರದಿದ್ದರೂ ಜನರು ಕೊಳ್ಳಲಿಲ್ಲ. ಕಾರಣವನ್ನು ವಿಚಾರಿಸಲಾಗಿ, ಕೇಳಲ್ಪಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಾಲ್ಕಕ್ಕಿಂತ ಮೂರು ಚಿಕ್ಕದಾದುದರಿಂದ 1/4ಕ್ಕಿಂತ 1/3 ಚಿಕ್ಕದೆಂದು ತಿಳಿದಿದ್ದರೆಂದು ಆ ಸಂಸ್ಥೆಯ ಒಡೆಯನಾಗಿದ್ದ ಆಲ್ಫ್ರೆಡ್ ಟಾಬ್‌ಮನ್ 2007ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಹೆಚ್ಚು ಕೊಡುತ್ತೇವೆಂದರೂ ಕಡಿಮೆಯಾಯಿತೆಂದು ಹಿಂದಿರುಗಿದ ಗಿರಾಕಿಗಳ ಈ ಕಥೆ ನಗೆ ತರಿಸುವುದಾದರೂ, ಛೇದದ ಅರ್ಥವನ್ನು ಮರೆತರೆ ಏನಾಗುವುದೆಂಬುದಕ್ಕೆ ಅದು ಎಚ್ಚರಿಕೆಯೂ ಆಗಿದೆ.

ಎಲ್ಲ ಸಂದರ್ಭಗಳಲ್ಲಿಯೂ ಸಮಚ್ಛೇದವನ್ನು ಹುಡುಕಬೇಕೆಂದೇನೂ ಇಲ್ಲ. ಅಂಶಗಳು ಸಮನಾಗಿದ್ದರೆ ಛೇದ ಚಿಕ್ಕದಾದುದೇ ದೊಡ್ಡ ಭಿನ್ನರಾಶಿ. 3/8ಕ್ಕಿಂತ 3/7 ದೊಡ್ಡದು. ಕೆಲವೊಮ್ಮೆ ಅರ್ಧವೇ ಸಾಕ್ಷಿಯಾಗಿ ನಿಲ್ಲುತ್ತದೆ: ಒಂಬತ್ತರ ಅರ್ಧ ನಾಲ್ಕೂವರೆಯಾದುದರಿಂದ 4/9 ಅರ್ಧಕ್ಕಿಂತ ಕಡಿಮೆ, ಎಂಟರ ಅರ್ಧ ನಾಲ್ಕಾದುದರಿಂದ 5/8 ಅರ್ಧಕ್ಕಿಂತ ಹೆಚ್ಚು, ಹೋಲಿಕೆ ಅಲ್ಲಿಗೇ ಮುಗಿಯಿತು. ಕೆಲವೊಮ್ಮೆ ಇರುವುದನ್ನು ಬಿಟ್ಟು ಕೊರತೆಯನ್ನು ನೋಡಬೇಕು: 7/8 ಇಡಿಯಾಗಲು 1/8 ಕಡಿಮೆ, 8/9 ಇಡಿಯಾಗಲು 1/9 ಕಡಿಮೆ. ಕೊರತೆ ಚಿಕ್ಕದಾದ 8/9 ಎಂಬುದೇ ದೊಡ್ಡದು. ಓರೆ ಗುಣಾಕಾರದ ಕ್ರಮವೂ ಇದೆ: 2/5 ಮತ್ತು 3/8 ಇವುಗಳಲ್ಲಿ 2ನ್ನು 8ರಿಂದ ಗುಣಿಸಿದರೆ 16, 3ನ್ನು 5ರಿಂದ ಗುಣಿಸಿದರೆ 15. ಇವು ಅಜ್ಜಿಯ ಗುಂಟೆಗಳೇ ಎಂಬುದನ್ನು ಮರೆಯಬಾರದು. ಅರ್ಥವನ್ನರಿತು ಬಳಸಿದ ಸೂತ್ರವು ದೀಪ. ಅರ್ಥವರಿಯದೆ ಬಳಸಿದ ಸೂತ್ರವು ಕುರುಡನ ಕೈಯ ಕನ್ನಡಿ.

ಇನ್ನು ಆ ಕುಟುಂಬದ ಕಥೆಗೆ ಮರಳೋಣ. ಲೆಕ್ಕವನ್ನು ಕೇಳಿದ ತಂದೆಯು ಹೊಸ ತೋಟದ ಆಸೆಯನ್ನು ಬಿಟ್ಟುಬಿಡಲು ನಿಶ್ಚಯಿಸಿದನು. ಅಜ್ಜಿ ಮತ್ತೆ ತಡೆದಳು: "ಪಾಲು ತಿಳೀತು. ಆದರ ಎದರಾಗಿನ ಪಾಲು? ಹಳೇ ತೋಟದ ಬೆಳಿ ಎಷ್ಟು, ಹೊಸ ತೋಟದ್ದೆಷ್ಟು?" ಹಳೆಯ ತೋಟದ ಬಾವಿ ಬೇಸಿಗೆಯಲ್ಲಿ ಬತ್ತುತ್ತಿತ್ತು, ಅಲ್ಲಿ ವರ್ಷಕ್ಕೆ ಬರುತ್ತಿದ್ದುದು 40 ಕ್ವಿಂಟಲ್ ಒಣದ್ರಾಕ್ಷಿ. ನೀರಿನ ಅನುಕೂಲವಿದ್ದ ಹೊಸ ತೋಟದಲ್ಲಿ 48 ಕ್ವಿಂಟಲ್ ಬರುತ್ತಿತ್ತು. ಮಗಳು ಮತ್ತೆ ಪಾಟಿಯನ್ನು ಕೈಗೆತ್ತಿಕೊಂಡಳು. ನಲವತ್ತರ 2/5 ಎಂದರೆ 16 ಕ್ವಿಂಟಲ್. ನಲವತ್ತೆಂಟರ 3/8 ಎಂದರೆ 18 ಕ್ವಿಂಟಲ್. ಚಿಕ್ಕ ಭಿನ್ನರಾಶಿಯೇ ಇಲ್ಲಿ ಹೆಚ್ಚು ಫಲವನ್ನು ತರುತ್ತಿತ್ತು! ಭಿನ್ನರಾಶಿಗಳನ್ನು ಹೋಲಿಸುವಾಗ ಅವೆರಡೂ ಒಂದೇ ಇಡಿಯ ಭಾಗಗಳಾಗಿರಬೇಕು. ಇಡಿಗಳು ಬೇರೆಬೇರೆಯಾದರೆ ಭಾಗವನ್ನಷ್ಟೇ ಹೋಲಿಸಿ ತೀರ್ಮಾನಿಸಲಾಗದು. ದೊಡ್ಡ ಕುಂಬಳಕಾಯಿಯ ಕಾಲು ಹೋಳು ಒಂದು ನಿಂಬೆಹಣ್ಣಿನ ಅರ್ಧಕ್ಕಿಂತ ಹಿರಿದಲ್ಲವೇ?

ಮರುದಿನ ತಂದೆಯು ಹೊಸ ಒಡೆಯನ ಬಳಿಗೆ ಹೋಗಿ, "ನಿಮ್ಮ ತೋಟಕ್ಕ ಬರತೀನ್ರಿ. ಆದರ ಎಂಟರಾಗ ಮೂರು ಬ್ಯಾಡ್ರಿ, ಐದರಾಗ ಎರಡು ಕೊಡ್ರಿ" ಎಂದನು. ಒಡೆಯನಿಗೆ ಆಶ್ಚರ್ಯವಾಯಿತು. ಮೂರನ್ನು ಬಿಟ್ಟು ಎರಡನ್ನು ಕೇಳುವವನೂ ಉಂಟೇ? ತಂದೆಯು ನೆಲದ ಮೇಲೆ ಗೆರೆ ಎಳೆದು ಗುಂಟೆಯ ಲೆಕ್ಕವನ್ನು ತೋರಿಸಿದನು. ಒಡೆಯನು ಕ್ಷಣಕಾಲ ಸುಮ್ಮನಿದ್ದು, "ನಾ ಹೆಚ್ಚು ಕೊಡಬೇಕಂತನ ಹಂಗ ಹೇಳಿದ್ದೆ" ಎಂದು ನಕ್ಕು, ಐದರಲ್ಲಿ ಎರಡು ಪಾಲಿಗೆ ಒಪ್ಪಿದನು. ನಲವತ್ತೆಂಟರ 2/5 ಎಂದರೆ 19 ಕ್ವಿಂಟಲ್ 20 ಕಿಲೋ. ಮೋಸಮಾಡುವ ಮನಸ್ಸು ಇಬ್ಬರಲ್ಲಿಯೂ ಇರಲಿಲ್ಲ. ಆದರೂ ಲೆಕ್ಕ ತಪ್ಪಿದ್ದರೆ ವರ್ಷಕ್ಕೆ ಒಂದು ಕ್ವಿಂಟಲ್ ಇಪ್ಪತ್ತು ಕಿಲೋ ಒಣದ್ರಾಕ್ಷಿಯ ನಷ್ಟವು ದುಡಿಯುವವನ ಮೇಲೆ ಬೀಳುತ್ತಿತ್ತು. ಅನ್ಯಾಯವು ಯಾವಾಗಲೂ ಕೆಟ್ಟ ಮನಸ್ಸಿನಿಂದಲೇ ಹುಟ್ಟುವುದಿಲ್ಲ, ಅಜ್ಞಾನದಿಂದಲೂ ಹುಟ್ಟುತ್ತದೆ. ಅಂಥ ಅನ್ಯಾಯವನ್ನು ದೂರಮಾಡಲು ಜಗಳ ಬೇಕಾಗಿಲ್ಲ. ಸರಿಯಾದ ಲೆಕ್ಕ ಸಾಕು.

ಆ ಮನೆಯಲ್ಲಿ ಮಗಳಿಗೆ ಶಾಲೆಯ ಸೂತ್ರ ಗೊತ್ತಿತ್ತು, ಅಜ್ಜಿಗೆ ಹೊಲದ ಗುಂಟೆ ಗೊತ್ತಿತ್ತು. ಒಂದಕ್ಕೊಂದು ಸೇರಿದಾಗ ಎರಡೂ ಬೆಳಗಿದವು. ಯಾರಾದರೂ ಪಾಲಿನ ಮಾತನ್ನಾಡಿದಾಗ ವಿವೇಕಿಯು ಮೊದಲು ಎರಡು ಪ್ರಶ್ನೆಗಳನ್ನು ಕೇಳಬೇಕು: "ಯಾವುದರ ಪಾಲು? ಯಾವ ಅಳತೆಯಿಂದ ಅಳೆದ ಪಾಲು?" ಈ ಎರಡು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆ, ಯಾವ ಪಾಲು ಹಿರಿದು ಎಂಬ ಮೂರನೆಯ ಪ್ರಶ್ನೆಗೆ ಉತ್ತರವು ತಾನಾಗಿಯೇ ದೊರೆಯುತ್ತದೆ.